ಡ್ರಾಯಿಂಗಿನಲ್ಲಿ ತೊಂಬತ್ತಾರು

ನಾನು ಮೆಕ್ಯಾನಿಕಲ್ ಇಂಜಿನಿಯರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಕಾಲದಲ್ಲಿ ಯಾರು ಸಿಕ್ಕರೂ ನಾನು ಮೊದಲು ಹೇಳುತ್ತಿದ್ದದ್ದು ಅದನ್ನೇ. ಅಮೆರಿಕದ ಮೌಂಟನ್ ವ್ಯೂನ ಆಫೀಸಿನಲ್ಲಿ ಮಾಡುತ್ತಿದ್ದ ಕೆಲಸ ಮಾತ್ರ ಬೇರೆ. ಎರಡು ಸಾವಿರದ ಇಸವಿ ಬರುವ ಮೊದಲು ಯಾವುದೋ ವಿಮಾ ಕಂಪನಿಯ ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿಯನ್ನು ಎರಡಂಕಿಯಲ್ಲಿ ಬರೆದ ಕಡೆಯಲ್ಲೆಲ್ಲ ನಾಲ್ಕಂಕಿ ಮಾಡುವುದು. ಬೆಳಿಗ್ಗೆ ಕೂತರೆ ಸಂಜೆಯವರೆಗೆ ಅದೇ. ಕೈಗೆ ಒಂದು ಹನಿ ಎಣ್ಣೆ ಅಂಟುತ್ತಿರಲಿಲ್ಲ. ಆದರೂ ನಮ್ಮ ವಂಶದಲ್ಲಿ ಡಿಗ್ರಿ ಕಂಡ ಮೊದಲನೆಯವನು ನಾನು. ಇಂಜಿನಿಯರಿಂಗ್ ಡ್ರಾಯಿಂಗಿನಲ್ಲಿ ನೂರಕ್ಕೆ ತೊಂಬತ್ತಾರು ತೆಗೆದಿದ್ದೆ. ಆ ತೊಂಬತ್ತಾರನ್ನು ಪಾಸ್‌ಪೋರ್ಟಿನ ಹಾಗೆ ಸದಾ ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಿದ್ದೆ.

ನನ್ನನ್ನು ಓದಿಸಿದ್ದು ಒಂದು ಡೀಸೆಲ್ ಇಂಜಿನ್ನು. ಮಂಡ್ಯದಲ್ಲಿ ನಮ್ಮಮ್ಮ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಕರೆಂಟು ಹೋದ ತಕ್ಷಣ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹ್ಯಾಂಡಲ್ ಹಾಕಿ, ಆ ಇಂಜಿನ್ನನ್ನು ತಾನೇ ತಿರುಗಿಸಿ ಎಬ್ಬಿಸುತ್ತಿದ್ದಳು. ಸಂಜೆ ಮನೆಗೆ ಬಂದಾಗ ಹುಬ್ಬು ಬೆಳ್ಳಗಿರುತ್ತಿತ್ತು, ಕೈ ಕಪ್ಪಗಿರುತ್ತಿತ್ತು. ನನ್ನ ಡಿಗ್ರಿ ಬಂದಾಗ ಅದರ ಜೆರಾಕ್ಸಿಗೆ ಕಟ್ಟು ಹಾಕಿಸಿ ಗಿರಣಿಯ ಗೋಡೆಗೆ ತೂಗುಹಾಕಿದಳು. ಗಾಜಿನ ಮೇಲೆ ರಾಗಿಹಿಟ್ಟು ಕೂತು ನನ್ನ ಹೆಸರು ಕಾಣುತ್ತಿರಲಿಲ್ಲವಂತೆ; ಆಗಾಗ ಸೆರಗಿನಲ್ಲಿ ಒರೆಸುತ್ತಿದ್ದಳಂತೆ.

ನನ್ನ ಹೆಂಡತಿಯ ಬಾಣಂತನಕ್ಕೆಂದು ಅಮ್ಮ ಆರು ತಿಂಗಳಿಗೆ ಬಂದಳು. ಬಂದ ವಾರದೊಳಗೆ ಶುರುಮಾಡಿದಳು.

"ಅಲ್ಲ ಕಣ್ಲಾ, ಹಿಟ್ಟು ಬೀಸ್ಸಾಕೆ ಬಂದೋರೆಲ್ಲ ಗೋಡೆ ನೋಡ್ಬುಟ್ಟು ಕೇಳ್ತರೆ, ನಿನ್ ಮಗ ಯಾವ ಇಂಜಿನ್ ಮಾಡ್ತನೆ ಅಂತ. ನಾನೇನಂತ ಯೋಳ್ಲಿ?"

"ದೊಡ್ಡ ಸಿಸ್ಟಮ್ಮು ಅಮ್ಮ."

"ಎಷ್ಟು ಎಚ್ಪಿ?"

ನಾನು ಮಗುವಿನ ಡಯಾಪರು ನೋಡುವ ನೆಪದಲ್ಲಿ ಎದ್ದುಹೋದೆ. ಅಮ್ಮ ಊರಿಗೆ ಹೊರಡುವಾಗ ಗಿರಣಿಯ ಸಾಲಿನಲ್ಲಿ ನಿಂತವರಿಗೆ ಹೇಳಲು ಒಂದು ಉತ್ತರ ಕಟ್ಟಿಕೊಡಬೇಕು. ಅವಳು ಬೇರೇನೂ ಕೇಳಿರಲಿಲ್ಲ.

ಉತ್ತರ ಸಿಕ್ಕಿದ್ದು ಡ್ಯಾನ್‌ವಿಲ್‌ನಲ್ಲಿ. ಅಲ್ಲಿ ಹಾಸನದ ಗೆಳೆಯನೊಬ್ಬ ಮೂರು ಕಾರಿನ ಗ್ಯಾರೇಜಿರುವ ಮನೆ ಕೊಂಡಿದ್ದ. ಕಂಪನಿಯ ಷೇರು ಏರಿದ ಹುರುಪಿನಲ್ಲಿ ಒಂದು ಕಿಟ್ ಕಾರನ್ನೂ ತರಿಸಿದ್ದ. ಕಾರು ಎಂದರೆ ಕಾರಲ್ಲ. ಕಬ್ಬಿಣದ ಕೊಳವೆಯ ಚೌಕಟ್ಟು, ಫೈಬರ್‌ನ ಮೈ, ಎರಡು ಸೀಟು, ಪೆಟ್ಟಿಗೆಗಟ್ಟಲೆ ನಟ್ಟು ಬೋಲ್ಟು. ಎಲ್ಲ ಮನೆಯಲ್ಲೇ ಜೋಡಿಸಿಕೊಳ್ಳಬೇಕು. ಒಂದು ಹಳೆಯ ಪೆಟ್ರೋಲ್ ಕಾರಿನ ಗೇರ್‌ಬಾಕ್ಸನ್ನೂ ತಂದಿಟ್ಟಿದ್ದ. ಇಂಜಿನ್ನನ್ನು ಇನ್ನೂ ಕೊಂಡಿರಲಿಲ್ಲ, ಅಷ್ಟರಲ್ಲಿ ಹುರುಪು ಇಳಿದಿತ್ತು.

"ಡೀಸೆಲ್ ಹಾಕೋಣ," ಎಂದೆ.

"ಗುರೂ, ಇದು ಸ್ಪೋರ್ಟ್ಸ್ ಕಾರು. ಡೀಸೆಲ್ಲು ಯಾವನು ಹಾಕ್ತಾನೆ?"

"ನಾನು ಮೆಕ್ಯಾನಿಕಲ್ಲು."

"ನೀನು ಮೆಕ್ಯಾನಿಕಲ್ಲು ಅಂತ ಕಾರಿಗೆ ಗೊತ್ತಿರಬೇಕಲ್ಲ ಗುರೂ."

ತರಕಾರಿ ಸಾಗಿಸುವ ಲಾರಿಗಳ ಶೀತಲಪೆಟ್ಟಿಗೆಗೆ ಕೂರಿಸುವ ಒಂದು ಪುಟ್ಟ ಡೀಸೆಲ್ ಇಂಜಿನ್ನು ಗುಜರಿಯಲ್ಲಿ ಸಿಕ್ಕಿತು. ಆ ಇಂಜಿನ್ನಿಗೂ ಈ ಗೇರ್‌ಬಾಕ್ಸಿಗೂ ಜನ್ಮದ ಸಂಬಂಧವಿಲ್ಲ, ಬೋಲ್ಟಿನ ತೂತುಗಳು ಒಂದಕ್ಕೊಂದು ಕೂರುವುದಿಲ್ಲ. ನಡುವೆ ಒಂದು ಅಲ್ಯೂಮಿನಿಯಂ ಪ್ಲೇಟು ಬೇಕು, ಅರ್ಧ ತೂತು ಇಂಜಿನ್ನಿಗೆ ಹೊಂದುವಂತೆ, ಅರ್ಧ ಗೇರ್‌ಬಾಕ್ಸಿಗೆ ಹೊಂದುವಂತೆ. ಇಂಜಿನ್ನಿನ ಬೋಲ್ಟುಗಳ ತಲೆ ಗೇರ್‌ಬಾಕ್ಸಿಗೆ ತಗುಲದ ಹಾಗೆ ಪ್ಲೇಟಿನ ಒಂದು ಮುಖದಲ್ಲಿ ಗುಳಿ ತೋಡಿರಬೇಕು. ತಲೆಗಳು ಆ ಗುಳಿಯಲ್ಲಿ ಅಡಗಿ ಕೂರಬೇಕು.

ಇದಕ್ಕೆ ಡ್ರಾಯಿಂಗು ಬೇಕಿತ್ತು. ತೊಂಬತ್ತಾರು ತೆಗೆದವನಿಗೆ ಇನ್ನೇನು ಬೇಕು? ಬರ್ಕ್ಲಿಯ ಸ್ಟೇಷನರಿ ಅಂಗಡಿಯಲ್ಲಿ ಡ್ರಾಯಿಂಗ್ ಬೋರ್ಡು, ಸೆಟ್ ಸ್ಕ್ವೇರು, ಮೂರು ಬಗೆಯ ಪೆನ್ಸಿಲ್ಲು ತಂದೆ. ಆಫೀಸಿನವರೆಲ್ಲ ಕಂಪ್ಯೂಟರಿನಲ್ಲಿ ಗೆರೆ ಎಳೆಯುವಾಗ ನಾನು ಊಟದ ಮೇಜಿನ ಮೇಲೆ ಮೊಣಕೈಯೂರಿ ಕೂತು ಎಳೆದೆ. ಎದುರಿನ ನೋಟ, ಪಕ್ಕದ ನೋಟ, ಅಳತೆ, ಬಾಣದ ಗುರುತು. ಅಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನೋಡುತ್ತಿದ್ದಳು. "ರಂಗೋಲಿ ಬುಟ್ಟಂಗದೆ," ಎಂದಳು. ಹೊಗಳಿಕೆ ಎಂದೇ ತೆಗೆದುಕೊಂಡೆ.

ಪ್ಲೇಟು ಕೊರೆದುಕೊಡುವ ವರ್ಕ್‌ಶಾಪಿನ ಮುದುಕ ಡ್ರಾಯಿಂಗನ್ನು ಗೋಡೆಗೆ ಅಂಟಿಸಿಕೊಂಡು, ಕೈಯಲ್ಲಿ ಬರೆದದ್ದನ್ನು ನೋಡಿ ಬಹಳ ಕಾಲವಾಗಿತ್ತು ಎಂದ. ಅದನ್ನು ಹತ್ತು ಜನಕ್ಕಾದರೂ ಹೇಳಿದ್ದೇನೆ.

ಪ್ಲೇಟು ಬಂದಿತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಶನಿವಾರ ಅಮ್ಮನನ್ನೂ ಡ್ಯಾನ್‌ವಿಲ್‌ಗೆ ಕರೆದುಕೊಂಡು ಹೋದೆ. ಅವಳು ಊರಿಗೆ ಹೊರಡಲು ಹದಿನಾರು ದಿನ ಉಳಿದಿತ್ತು. ಇಂಜಿನ್ನು ಆಗಲೇ ಚೌಕಟ್ಟಿನಲ್ಲಿ ಕೂತಿತ್ತು. ಅಮ್ಮ ಸೀರೆಯ ಮೇಲೆ ಸ್ವೆಟರು ಹಾಕಿ, ಬೋರಲಿಟ್ಟ ಬಕೆಟ್ಟಿನ ಮೇಲೆ ಕೂತಳು. ಗುಳಿ ಇರುವ ಮುಖವನ್ನು ಗೇರ್‌ಬಾಕ್ಸಿನ ಕಡೆಗೆ ಹಿಡಿದು ಪ್ಲೇಟನ್ನು ಇಂಜಿನ್ನಿಗೆ ಇಟ್ಟೆ. ಒಂದು ತೂತು ಕೂತಿತು, ಉಳಿದವು ಎತ್ತಲೋ ಹೋದವು. ತಿರುಗಿಸಿದೆ, ಇನ್ನೊಂದು ಕೂತಿತು. ಗೆಳೆಯ ತಾನೂ ತಿರುಗಿಸಿದ. ಗಡಿಯಾರದ ಮುಳ್ಳಿನ ಹಾಗೆ ಒಂದು ಗಂಟೆ ತಿರುಗಿಸಿದೆವು.

"ಅದ ಮಗುಚಿ ಮಡಗ್ಲಾ," ಎಂದಳು ಅಮ್ಮ.

"ಅಮ್ಮ, ಇದು ರೊಟ್ಟಿ ಅಲ್ಲ. ಸುಮ್ನಿರು."

ಅವಳು ಬಾತ್‌ರೂಮಿಗೆ ಹೋದಾಗ ಮಗುಚಿ ಇಟ್ಟೆ. ಎಲ್ಲ ತೂತುಗಳೂ ಟಕ್ಕನೆ ಕೂತವು. ಆದರೆ ಗುಳಿಗಳು ಈಗ ಇಂಜಿನ್ನಿನ ಕಡೆ ಅವಿತಿದ್ದವು, ಬೋಲ್ಟಿನ ತಲೆಗಳು ಗೇರ್‌ಬಾಕ್ಸಿನ ಕಡೆ ಉಬ್ಬುಹಲ್ಲಿನ ಹಾಗೆ ಎದ್ದು ನಿಂತವು. ಅಮ್ಮ ಬಂದು ನೋಡಿ, ಬಕೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡು ಕೂತಳು.

ಸೋಮವಾರ ಮುದುಕನ ಮೇಲೆ ರೇಗಿಕೊಂಡು ಹೋದೆ.

"ಗುಳಿ ತಪ್ಪು ಮುಖದಲ್ಲಿ ಮಾಡಿದ್ದೀರಿ."

ಅವನು ನನ್ನ ಡ್ರಾಯಿಂಗಿನ ಪಕ್ಕದ ನೋಟದ ಮೇಲೆ ಬೆರಳಿಟ್ಟ. "ನೀನು ಬರೆದ ಕಡೆಯೇ ಮಾಡಿದ್ದೇನೆ."

"ಅದು ಎಡಗಡೆಯಿಂದ ನೋಡಿದ ನೋಟ."

"ಮತ್ತೆ ಬಲಗಡೆ ಯಾಕೆ ಬರೆದೆ?"

"ಎಡದಿಂದ ಕಂಡದ್ದನ್ನು ಬಲಕ್ಕೆ ಬರೆಯಬೇಕು. ಅದು ರೂಲು."

ಮುದುಕ ಕನ್ನಡಕ ತೆಗೆದು ನನ್ನನ್ನೇ ನೋಡಿದ. "ಯಾರ ರೂಲು?"

ಆಗ ತಲೆಗೆ ಹೊಳೆಯಿತು. ನಮ್ಮ ಕಾಲೇಜಿನಲ್ಲಿ ಕಲಿಸಿದ್ದು ಒಂದು ಪದ್ಧತಿ, ಅಮೆರಿಕದವರದು ಅದಕ್ಕೆ ನೇರ ಉಲ್ಟಾ. ಇವರು ಬಲದಿಂದ ಕಂಡದ್ದನ್ನು ಬಲಕ್ಕೇ ಬರೆಯುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನೂ ಅಲ್ಲ, ಪರೀಕ್ಷೆಗೆ ಉರು ಹೊಡೆದಿದ್ದೆ. ಯಾವ ಪದ್ಧತಿ ಎಂದು ಹೇಳುವ ಒಂದು ಪುಟ್ಟ ಗುರುತನ್ನು ಹಾಳೆಯ ಮೂಲೆಯಲ್ಲಿ ಬರೆಯಬೇಕು. ನಾನು ಬರೆದಿರಲಿಲ್ಲ. ಕಾಲೇಜಿನಲ್ಲೂ ಮರೆಯುತ್ತಿದ್ದೆನೇನೋ. ನೂರರಲ್ಲಿ ನಾಲ್ಕು ಅಂಕ ಎಲ್ಲಿ ಹೋಗಿದ್ದವು ಎಂಬುದು ಅಷ್ಟು ವರ್ಷಗಳ ಮೇಲೆ ಆ ವರ್ಕ್‌ಶಾಪಿನಲ್ಲಿ ತಿಳಿಯಿತು.

ಇದನ್ನೇ ಸರಿಮಾಡಲು ಬರುವುದಿಲ್ಲ, ಎರಡೂ ಕಡೆ ತೋಡಿದರೆ ನಡುವೆ ಏನೂ ಉಳಿಯುವುದಿಲ್ಲ, ಹೊಸದೇ ಆಗಬೇಕು ಎಂದ ಮುದುಕ. ಚಿಪ್ ಕಂಪನಿಗಳ ಕೆಲಸ ತಲೆಮೇಲೆ ಕೂತಿದೆ, ನಾಲ್ಕು ವಾರ ಬೇಕು ಎಂದ. ಅಮ್ಮನಿಗೆ ಎರಡು ವಾರ ಉಳಿದಿತ್ತು.

ಮುಂದಿನ ಶನಿವಾರ ಫ್ರೀವೇಯಲ್ಲಿ ಅಮ್ಮ ಕೇಳಿದಳು. "ಏನಂದ ಆ ಮುದ್ಕ?"

"ಪಾರ್ಟು ಬರೋದು ಲೇಟಾಗುತ್ತೆ."

"ನೀನು ಬರ್ದಿದ್ದು ತೆಪ್ಪಾಗಿತ್ತಾ?"

"ಹೂಂ."

ಒಂದು ಸುಳ್ಳು ಕಳಚಿದ ಮೇಲೆ ಇನ್ನೊಂದನ್ನು ಹಿಡಿದಿಟ್ಟುಕೊಳ್ಳುವುದು ಕಷ್ಟ. ಆಫೀಸಿನಲ್ಲಿ ಮಾಡುವ ಕೆಲಸ ಏನೆಂದೂ ಹೇಳಿದೆ. ಎರಡಂಕಿ, ನಾಲ್ಕಂಕಿ.

"ಅಂಗಾರೆ ಇಂಜಿನ್ ಕೆಲ್ಸವೇ ಅಲ್ಲ."

"ಅಲ್ಲ."

"ಇವತ್ತು ಅದು ಸ್ಟಾರ್ಟಾರಾ ಆಯ್ತದಾ?"

ಆಗುತ್ತದೆ ಎಂದೆ. ಲಾರಿಯ ಶೀತಲಪೆಟ್ಟಿಗೆಯಿಂದ ಬಂದದ್ದರಿಂದ ಸ್ಟಾರ್ಟರು ಇಂಜಿನ್ನಿಗೇ ಇತ್ತು. ಗೇರ್‌ಬಾಕ್ಸಿಲ್ಲದೆಯೂ ತಿರುಗುತ್ತದೆ. ಚಕ್ರ ತಿರುಗುವುದಿಲ್ಲ, ಅಷ್ಟೇ.

"ಅಷ್ಟು ಮಾಡು."

ಬ್ಯಾಟರಿ ಜೋಡಿಸಿದೆ, ಕ್ಯಾನಿನಿಂದ ಡೀಸೆಲ್ ಕೊಟ್ಟೆ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೆಳೆಯನ ಭುಜ ಹಿಡಿದು, ಬಾಗಿಲಿಲ್ಲದ ಆ ಕಾರಿನೊಳಗೆ ಇಳಿದು ಕೂತಳು. ಕೀ ತಿರುಗಿಸಿದೆ. ಗರಗರ ಎಂದು ಸುತ್ತಿತೇ ಹೊರತು ಹೊತ್ತಿಕೊಳ್ಳಲಿಲ್ಲ.

"ಗಾಳಿ ಸೇರ್ಕಂಡದೆ," ಎಂದಳು ಅಮ್ಮ.

"ಏರ್ ಹಿಡ್ಕೊಂಡಿದೆ," ಎಂದೆ ನಾನು, ಅದೇ ಕ್ಷಣಕ್ಕೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಇಂಜಿನಿಯರಾಗಿ ನಾನು ತಡವಿಲ್ಲದೆ ಹೇಳಿದ ಏಕೈಕ ಸರಿಯಾದ ಮಾತು ಅದು, ಅದನ್ನೂ ಕಲಿತದ್ದು ಗಿರಣಿಯಲ್ಲಿ. ಡೀಸೆಲ್ ಪೈಪಿನ ನಟ್ಟು ಸಡಿಲಿಸಿದೆ. ನೊರೆ ಬಂತು, ಗುಳ್ಳೆ ಬಂತು, ಆಮೇಲೆ ಬರಿ ಡೀಸೆಲ್ಲು ಹರಿಯಿತು. ಬಿಗಿಮಾಡಿ ಮತ್ತೆ ಕೀ ತಿರುಗಿಸಿದೆ.

ಹೊತ್ತಿಕೊಂಡಿತು. ಗ್ಯಾರೇಜಿನ ತಗಡಿನ ಬಾಗಿಲು ನಡುಗಿತು, ಶೆಲ್ಫಿನಿಂದ ಬಣ್ಣದ ಡಬ್ಬಿ ಬಿತ್ತು. ಕಪ್ಪು ಹೊಗೆ ಬೀದಿಗೆ ಹೋಯಿತು. ಎದುರುಮನೆಯಾತ ತೋಟದ ನೀರಿನ ಪೈಪು ಹಿಡಿದುಕೊಂಡೇ ಓಡಿಬಂದ. ಗೆಳೆಯ ಅವನಿಗೆ, "ನೋ ಪ್ರಾಬ್ಲಮ್, ಹಿ ಈಸ್ ಎನ್ ಇಂಜಿನಿಯರ್," ಎಂದ. ಆತ ನೀರು ನಿಲ್ಲಿಸಲಿಲ್ಲ.

ಅಮ್ಮ ಸೀಟಿನಲ್ಲಿ ಕುಲುಕುತ್ತ, ಅಂಗೈಯನ್ನು ಚೌಕಟ್ಟಿನ ಮೇಲೆ ಊರಿಕೊಂಡು, ಕಿವಿಗೊಟ್ಟು ಕೂತಿದ್ದಳು. ಕಾರು ಒಂದಂಗುಲವೂ ಮುಂದೆ ಹೋಗಲಿಲ್ಲ. ಸುಮಾರು ಹೊತ್ತಾದ ಮೇಲೆ ಸಾಕು ಎಂದು ಕೈಮಾಡಿದಳು. ಆಫ್ ಮಾಡಿದೆ.

"ಒಂದು ಸಿಲಿಂಡ್ರು ಮಂಕಾಗದೆ. ನೋಡ್ಕೊ," ಎಂದು ಇಳಿದಳು. ಆಮೇಲೆ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದ್ದ ತಪ್ಪು ಪ್ಲೇಟನ್ನು ಎತ್ತಿ ಸ್ವೆಟರಿನಲ್ಲಿ ಒರೆಸಿದಳು. "ಇದು ನಿನಗೆ ಬ್ಯಾಡ ಅಲ್ವಾ?"

ಅದನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡೇ ಹೋದಳು. ಭಾರ ಹೆಚ್ಚಾಗಿ, ನನ್ನ ಹೆಂಡತಿ ಕೊಟ್ಟಿದ್ದ ನಾನ್‌ಸ್ಟಿಕ್ ಪಾತ್ರೆಗಳು ಇಲ್ಲೇ ಉಳಿದವು.

ಮೂಲೆಯಲ್ಲಿ ಗುರುತು ಬರೆದ ಹೊಸ ಡ್ರಾಯಿಂಗಿನಂತೆ ಹೊಸ ಪ್ಲೇಟು ಬಂದು, ಕಾರು ಬೀದಿಗಿಳಿದ ದಿನ ಅಮ್ಮನಿಗೆ ಫೋನು ಮಾಡಿದೆ. ಓಡಿತು ಎಂದೆ. ಅವಳಿಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ. ಹಳೆಯ ಪ್ಲೇಟನ್ನು ಸರ್ಟಿಫಿಕೇಟಿನ ಪಕ್ಕ ಮೊಳೆ ಹೊಡೆದು ತೂಗುಹಾಕಿದ್ದಾಳಂತೆ.

"ಯಾರಾದ್ರೂ ಕೇಳಿದ್ರಾ?"

"ಎಲ್ರೂ ಕೇಳ್ತರೆ. ನನ್ ಮಗ ಇಂಜಿನ್ ಕೂರ್ಸಿದ, ನಾನೇ ಒಳಗ್ ಕೂತಿದ್ದೆ ಅಂತೀನಿ."

"ಅದ್ರಲ್ಲಿ ಎಲ್ಲಿಗೆ ಹೋಗಿದ್ರಿ ಅಂತ ಕೇಳಿದ್ರೆ?"

"ಓಗಾಕೆ ಅಲ್ಲಿ ಬೇಕಾದಷ್ಟು ಕಾರು ಅವೆ ಅಂದೆ," ಎಂದಳು. ಹಿಂದೆ ಯಾರೋ ರಾಗಿ ಅಳೆಯಲು ಕೂಗುತ್ತಿದ್ದರು. ಫೋನು ಇಟ್ಟಳು.