ರೇಡಿಯೋ ಕಾಕಾನ ಟ್ಯೂಬ್‌ಲೈಟು

ಮೊನ್ನೆ ವಿದ್ಯಾಗಿರಿಯ ಒಂದು ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದೆ. ಒಳಗಿದ್ದವನು ಬೆಸುಗೆಯ ಕಾದ ಕಡ್ಡಿಯನ್ನು ರಾಳಕ್ಕೆ ಒತ್ತಿದ. ತೆಳ್ಳನೆಯ ಹೊಗೆ, ಮೂಗಿಗೆ ಅಡರುವ ಆ ವಾಸನೆ... ನಾನು ಫೋನು ಮರೆತು ಇಳಕಲ್ಲಿನ ನಮ್ಮ ಓಣಿಗೆ ಹೋಗಿಬಿಟ್ಟೆ.

ಆ ಓಣಿಯ ತಿರುವಿನಲ್ಲಿ ರೇಡಿಯೋ ಕಾಕಾನ ಅಂಗಡಿ ಇತ್ತು. ಅಂಗಡಿ ಎನ್ನುವುದಕ್ಕಿಂತ ಬಾಗಿಲಿಲ್ಲದ ಕಪಾಟು ಎಂದರೆ ಸರಿ. ರೇಡಿಯೋ ರಿಪೇರಿ ಮಾಡುತ್ತಿದ್ದರು, ಮದುವೆಗಳಿಗೆ ಮೈಕು ಕಟ್ಟುತ್ತಿದ್ದರು. ಗಿರಾಕಿಗಳಿಗಿಂತ ಹರಟೆಗೆ ಬರುವವರೇ ಹೆಚ್ಚು, ಕಾಕಾ ಯಾರನ್ನೂ ಎಬ್ಬಿಸಿ ಕಳಿಸಿದವರಲ್ಲ. ನನಗೆ ಆ ಮನುಷ್ಯನ ಮೇಲೆ ಬಹಳ ಪ್ರೀತಿ. ಅದನ್ನು ಅವರಿಗೆ ಒಮ್ಮೆಯೂ ಹೇಳಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ತೆರಡು. ಅಪ್ಪ ತೀರಿಕೊಂಡಿದ್ದ, ಮನೆಯಲ್ಲಿ ಅವ್ವ, ನಾನು ಮತ್ತು ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಒಂದು ಕುಣಿಮಗ್ಗ. ನೇಯುವುದು ನನಗೂ ಬರುತ್ತಿತ್ತು. ಆದರೆ ಸೀರೆಯ ಒಡಲಿನ ಹತ್ತಿ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸುವ ಕೆಲಸ ಅವ್ವನದೇ. ಸಾವಿರಾರು ಎಳೆ. ಮಗ್ಗದ ಕೋಣೆಗೆ ಇದ್ದದ್ದು ಒಂದೇ ಗವಾಕ್ಷಿ. ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಚಿಮಣಿ ದೀಪ ಹಿಡಿದರೆ ರೇಷ್ಮೆಗೆ ಮಸಿ. ಆ ಮಂದ ಬೆಳಕಿನಲ್ಲಿ ಅವ್ವನ ಕಣ್ಣು ಸೋಲುತ್ತಿತ್ತು. ಎಳೆ ತಪ್ಪಿವೆ ಎಂದು ನೂಲು ಕೊಡುವ ಸಾಹುಕಾರರು ಎರಡು ಸೀರೆ ಹಿಂದಕ್ಕೆ ಕಳಿಸಿದ್ದರು. ಇನ್ನೊಂದು ಹೀಗೆ ಬಂದರೆ ನೂಲು ಬಂದ್ ಎಂದಿದ್ದರು. ನೂಲು ನಿಂತರೆ ನಮ್ಮ ಮಗ್ಗವೂ ನಿಂತಂತೆ.

ಅವ್ವ ಇದನ್ನು ಕಾಕಾನ ಮುಂದೆ ಒಮ್ಮೆ ತೋಡಿಕೊಂಡಳು. ಮರುದಿನವೇ ಅವರು ಮೈಕಿನ ಬ್ಯಾಟರಿ ಹೊತ್ತುಕೊಂಡು ಬಂದರು.

"ಅಕ್ಕಾರ, ಇದರ ಮ್ಯಾಲೆ ಒಂದು ಟ್ಯೂಬ್ ಹಚ್ಚೋಣ್ರಿ."

ಬ್ಯಾಟರಿ ಹನ್ನೆರಡೇ ವೋಲ್ಟಿನದು. ಟ್ಯೂಬಿಗೆ ಬೇಕಾದದ್ದು ನೂರಾರು. ಬ್ಯಾಟರಿಯ ಕರೆಂಟು ಒಂದೇ ಸಮ ನೆಟ್ಟಗೆ ಹರಿಯುವಂಥದ್ದು, ಅದನ್ನು ಹಾಗೇ ಏರಿಸಲು ಬರುವುದಿಲ್ಲವಂತೆ. ಕಾಕಾ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತೋರಿಸಿದರು. ಟ್ರಾನ್ಸಿಸ್ಟರು ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕಡಿದು ಬಿಡಬೇಕು. ಅದನ್ನು ಕೆಲವೇ ಸುತ್ತಿನ ದಪ್ಪ ತಂತಿಗೆ ಕೊಟ್ಟರೆ, ಅದರ ಮೇಲೆ ನೂರಾರು ಸುತ್ತು ಸುತ್ತಿದ ಸಣ್ಣ ತಂತಿಯಲ್ಲಿ ವೋಲ್ಟೇಜು ಏರಿ ಬರುತ್ತದೆ. ಸುತ್ತುವುದಕ್ಕೆ ಕೆಟ್ಟ ರೇಡಿಯೋದೊಳಗಿನ ಒಂದು ಕಪ್ಪು ಕಡ್ಡಿ ತಂದಿದ್ದರು.

"ಸುತ್ತೂದು ನಿನ್ನ ಕೆಲಸ ಯವ್ವಾ. ನಾ ಎಣಸಾಕ ಕುಂತರ ಯಾರರ ಬಂದು ಮಾತಿಗೆ ಹಚ್ಚತಾರ," ಎಂದರು ನನಗೆ.

ನಾನು ಸುತ್ತಿದೆ. ಪದರಿನ ಮೇಲೆ ಪದರು, ನಡುನಡುವೆ ಕಾಗದ, ಒಂದು ಸುತ್ತೂ ತಪ್ಪದಂತೆ. ಕಾಕಾ ಅದನ್ನು ಅಂಗೈಯಲ್ಲಿಟ್ಟು ಬಂದವರಿಗೆಲ್ಲ ತೋರಿಸಿದರು.

ಎಲ್ಲ ಜೋಡಿಸಿ ಹಚ್ಚಿದಾಗ ಕಡ್ಡಿ ಸುಯ್ಯೆಂದಿತು. ಟ್ಯೂಬು ಹತ್ತಲಿಲ್ಲ. ಕಾಕಾ ಲೆಕ್ಕ ತಿದ್ದಿದರು, ಟ್ರಾನ್ಸಿಸ್ಟರು ಬದಲಿಸಿದರು, ಬೇರೆ ಟ್ಯೂಬು ತಂದರು. ನನ್ನ ಸುರುಳಿಯನ್ನು ಮಾತ್ರ ಪರೀಕ್ಷಿಸಲಿಲ್ಲ. ನೇಕಾರರ ಮಗಳು ಸುತ್ತಿದ್ದರಲ್ಲಿ ತಪ್ಪು ಹುಡುಕುವುದೇ ಎಂಬ ಅಭಿಮಾನ. ಮೂರನೇ ದಿನ ಮಧ್ಯಾಹ್ನ ಸೋತು ಕುಳಿತರು. ಸಾಹುಕಾರರ ಹೊಸ ಸೀರೆಗೆ ಅದೇ ವಾರ ಸೆರಗು ಸೇರಿಸಬೇಕಿತ್ತು. ಕಾಕಾನ ಮುಖ ನೋಡಿ ನನಗೆ ಅಳು ಬಂತು.

"ಎಲ್ಲಾ ಬರೋಬ್ಬರಿ ಐತಿ," ಎಂದರು ಕಾಕಾ. "ತಂತೀನೂ ಒಂದ ಎಳಿ, ಎಲ್ಲೂ ಹರದಿಲ್ಲ. ಮತ್ತ ಯಾಕ ಹತ್ತವಲ್ದು?"

"ಹರದಿತ್ತಲ್ರಿ ಕಾಕಾ," ಎಂದೆ. "ನಾ ಅಲ್ಲೇ ಜೋಡಿಸೇನಿ."

ಅವರು ತಲೆಯೆತ್ತಿದರು. "ಹೆಂಗ ಜೋಡಿಸಿದಿ?"

"ರೇಷ್ಮಿ ಜೋಡಿಸಿದಂಗ. ಬೂದಿ ಹಚ್ಚಿ ಹೊಸೆದೇನಿ."

ಮಗ್ಗದಲ್ಲಿ ದಿನಕ್ಕೆ ನೂರು ಸಲ ಎಳೆ ಹರಿಯುತ್ತದೆ. ಹೊಸೆದು ಮುಂದಕ್ಕೆ ಹೋಗುತ್ತೇವೆ. ಅದನ್ನೂ ಯಾರಾದರೂ ಹೇಳುತ್ತಾರೆಯೇ? ತಂತಿಯ ಮೇಲೆ ಕಣ್ಣಿಗೆ ಕಾಣದ ಒಂದು ಲೇಪ ಇರುತ್ತದೆ, ಅದನ್ನು ಕೆರೆದು ಬೆಸೆಯದಿದ್ದರೆ ಕರೆಂಟು ದಾಟುವುದಿಲ್ಲ ಎಂದು ನನಗೆ ಹೇಗೆ ಗೊತ್ತಾಗಬೇಕು. ಕಾಕಾ ಬೈಯುತ್ತಾರೆ ಎಂದುಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆದರೆ ಜೋಡಿಸಿದ್ದು ಎಲ್ಲಿ? ಸುತ್ತು ಬಿಚ್ಚುತ್ತ ಹೋದೆವು. ನನಗೂ ಕಾಣಲಿಲ್ಲ, ಕನ್ನಡಕ ಹಾಕಿದ ಕಾಕಾನಿಗೂ ಕಾಣಲಿಲ್ಲ. ಅವ್ವ ಬಂದು ಕುಳಿತು, ಕಣ್ಣು ಮುಚ್ಚಿ, ತಂತಿಯನ್ನು ಎರಡು ಬೆರಳಿನ ನಡುವೆ ಹಾಯಿಸಿದಳು.

"ಇಲ್ಲೈತಿ ನೋಡು ತಮ್ಮಾ," ಎಂದಳು.

ಕಾಕಾ ಕೆರೆದು ಬೆಸೆದರು. ನಾನು ಮತ್ತೆ ಸುತ್ತಿದೆ. ಸಂಜೆಯೊಳಗೆ ಮಗ್ಗದ ಮೇಲೆ ಟ್ಯೂಬು ಹತ್ತಿತು... ಅವ್ವ ಕುಣಿಗೆ ಇಳಿದು ಕೊಂಡಿ ಹಾಕಲು ಶುರು ಮಾಡಿದಳು. ಆ ಸೀರೆ ಹಿಂದಕ್ಕೆ ಬರಲಿಲ್ಲ, ಆಮೇಲೆ ಯಾವುದೂ ಬರಲಿಲ್ಲ. ಮದುವೆಯ ಮೈಕಿಗೆ ಬ್ಯಾಟರಿ ಬೇಕಾದ ದಿನ ಮಾತ್ರ ಅವ್ವನಿಗೆ ರಜೆ.

ನಾನು ಮದುವೆಯಾಗಿ ಹುನಗುಂದಕ್ಕೆ ಬಂದೆ. ತಂತಿ ಸುತ್ತುವ ಚಟ ಬಿಡಲಿಲ್ಲ, ಪಂಪಿನ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಹಾಕಿದೆ, ಇವತ್ತಿಗೂ ನಡೆಯುತ್ತಿದೆ. ಹೆಣ್ಣುಮಗಳು ಮೋಟಾರು ಸುತ್ತುವುದೇ ಎಂದು ನಕ್ಕವರೇ ಈಗ ಮೋಟಾರು ಹೊತ್ತು ತರುತ್ತಾರೆ.

ಅವ್ವ ಬಹಳ ವರ್ಷ ನೇಯ್ದಳು. ಒಂದು ಸಲ ನಾನು ತವರಿಗೆ ಹೋದಾಗ ಕುಣಿಯಿಂದ ಎದ್ದು ಬಂದು, "ಸಾಕು ಮಾಡಿದೆ. ಕಣ್ಣಿಂದೇನೂ ತಕರಾರಿಲ್ಲ, ಮೊಣಕಾಲು ಒಲ್ಲೆ ಅಂತಾವು," ಎಂದಳು. ನನಗೆ ಎಂಥ ಖುಷಿಯಾಯಿತೆಂದರೆ, ಇದನ್ನು ಮೊದಲು ಕಾಕಾನಿಗೆ ಹೇಳಬೇಕೆಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ. ಓಣಿಯ ಅರ್ಧಕ್ಕೆ ಬಂದ ಮೇಲೆ ನೆನಪಾಯಿತು. ಕಾಕಾ ಹೋಗಿ ಆಗಲೇ ಎರಡು ವರ್ಷವಾಗಿತ್ತು.

ಈಗ ಅವ್ವನೂ ಇಲ್ಲ. ಆ ಮಾತು ನನ್ನಲ್ಲೇ ಉಳಿದುಬಿಟ್ಟಿತು, ಇವತ್ತು ಬರೆದಿದ್ದೇನೆ. ಕೊನೆಯವರೆಗೂ ಅವ್ವನಿಗೆ ಎಳೆ ಕಾಣುತ್ತಿತ್ತು, ಕಾಕಾ.