ಐದು ನಿಮಿಷದ ಅಕ್ಕ

ಸಾವಿರಾರು ಜನ ಒಟ್ಟಿಗೆ ಆಡುವ ಆಟವೊಂದರ ಸರ್ವರ್ ನೋಡಿಕೊಳ್ಳುವ ಈಕೆಗೆ ಆಟಗಾರರು ಇಟ್ಟ ಹೆಸರು ಐದು ನಿಮಿಷದ ಅಕ್ಕ. ರಿಪೇರಿಗೆಂದು ಸರ್ವರ್ ನಿಲ್ಲಿಸಿದಾಗಲೆಲ್ಲ "ಐದೇ ನಿಮಿಷ" ಎಂದು ಬರೆದು, ನಿಧಾನವಾಗಿ ಊಟ ಮುಗಿಸಿ, ಕೈ ತೊಳೆದು ಬಂದು ಚಾಲೂ ಮಾಡುತ್ತಾಳೆ. ಆಟ ತಡವರಿಸುತ್ತಿದೆ ಎಂದು ಯಾರಾದರೂ ಗೊಣಗಿದರೆ, "ನಿಮ್ಮನೆ ವೈರನ್ನ ಇಲಿ ಕಡಿದಿರ್ಬೇಕು, ನೋಡ್ಕೊಳ್ಳಿ" ಎನ್ನುತ್ತಾಳೆ. ತಾನೇ ಕೆಡಿಸಿದ್ದನ್ನು ಸರಿಪಡಿಸಿ ಅದಕ್ಕೆ 'ಸುಧಾರಣೆ' ಎಂದು ಹೆಸರಿಡುವುದರಲ್ಲಿ ಅವಳದು ಎತ್ತಿದ ಕೈ. ಇಂಥವಳಿಗೂ ಮೂರು ವರ್ಷದಿಂದ ಬಗೆಹರಿಯದ ದೋಷವೊಂದಿದೆ: ಎಲ್ಲರೂ ದಾಟಿದ ಮೇಲೂ ಆಟದೊಳಗಿನ ಕೋಟೆ ಬಾಗಿಲು ನಾಲ್ಕು ಸೆಕೆಂಡು ತೆರೆದೇ ಇರುತ್ತದೆ. ಮೇಲಧಿಕಾರಿ ಕೇಳಿದರೆ, "ಹುಡುಕ್ತಾನೇ ಇದೀನಿ ಸಾರ್" ಎಂದು ಹುಬ್ಬು ಗಂಟಿಕ್ಕುತ್ತಾಳೆ. ಆಟಗಾರರಲ್ಲೊಬ್ಬರಾದ ನಿವೃತ್ತ ದರ್ಜಿಯೊಬ್ಬರು "ಕೈ ನಡುಗುತ್ತಮ್ಮ, ನಾನು ಬರೋದ್ರೊಳಗೆ ಬಾಗಿಲು ಮುಚ್ಚಿಹೋಗುತ್ತೆ" ಎಂದು ಬರೆದ ಮರುದಿನವೇ ಆ ದೋಷ ಹುಟ್ಟಿತೆಂಬುದು ಆ ಮೇಲಧಿಕಾರಿಗೆ ಗೊತ್ತಿಲ್ಲ. ದರ್ಜಿ ಈಗ ದಿನಾ ಎಲ್ಲರಿಗಿಂತ ಕೊನೆಗೆ, ಆದರೂ ಒಳಗೆ ಬರುತ್ತಾರೆ.