ಬೆಲ್ಲದ ವಾಸನೆಯ ಹಿಡಿ

ನಮ್ಮದು ಬಡಿಗರ ಮನೆ. ಬಡಿಗ ಸತ್ತರೆ ಅವನ ಉಳಿಗಳ ಹಿಡಿ ಬಿಚ್ಚಿ ಅವನ ಜೊತೆಗೇ ಬೆಂಕಿಗೆ ಹಾಕುವುದು ನಮ್ಮ ಮನೆಯಲ್ಲಿ ನಡೆದುಬಂದ ಪದ್ಧತಿ. ಕಬ್ಬಿಣ ಮನೆತನದ್ದು, ಹಿಡಿ ಮಾತ್ರ ಅವರವರ ಕೈಯದು ಎನ್ನುತ್ತಾರೆ. ಅಪ್ಪ ಹೋದ ದಿನ ಅಣ್ಣ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಉಳಿಯನ್ನು ಕಲ್ಲಿಗೆ ಕುಟ್ಟಿ ಹಿಡಿ ಬೇರ್ಪಡಿಸುತ್ತಿದ್ದುದನ್ನು ನಾನು ಬಾಗಿಲ ಮರೆಯಿಂದ ನೋಡಿದ್ದೆ. ಆ ಸದ್ದು ಬಹಳ ದಿನ ನನ್ನ ಕಿವಿ ಬಿಟ್ಟು ಹೋಗಲಿಲ್ಲ.

ಅಣ್ಣನಿಗೆ ಈಗ ಎಲ್ಲದಕ್ಕೂ ಮಷೀನು ಉಂಟು. ಹಿಡಿಯಿಲ್ಲದ ಆ ಕಬ್ಬಿಣಗಳು ಯಾರಿಗೂ ಬೇಡವಾದವು. ನಾನು ಬೆಂಗಳೂರಿಗೆ ವಾಪಸು ಹೊರಟಾಗ ಅವ್ವ ಅವನ್ನು ತನ್ನ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ನನ್ನ ಬ್ಯಾಗಿಗೆ ತುರುಕಿದಳು. "ಇಲ್ಲಿದ್ರ ತುಕ್ಕ ಹಿಡದ ಹೊಕ್ಕಾವು. ನೀನರ ಒಯ್ಯಿ," ಎಂದಳು, ಅಷ್ಟೇ. ನಮ್ಮ ಮನೆಯಲ್ಲಿ ಹೆಂಗಸರು ಅಮಾವಾಸ್ಯೆಗೆ ಉಳಿಗೆ ಕುಂಕುಮ ಹಚ್ಚುವುದನ್ನು ಕಂಡಿದ್ದೆ. ಉಳಿ ಹಿಡಿದು ಮರ ಕಡಿಯುವುದನ್ನು ಕಂಡಿರಲಿಲ್ಲ. ಒಯ್ದು ನಾನೇನು ಮಾಡಲಿ ಎಂದು ಕೇಳುವಷ್ಟರಲ್ಲಿ ಬಸ್ಸು ಬಂತು.

ಬೆಂಗಳೂರಿನ ಬಿಟಿಎಂ ಬಡಾವಣೆಯಲ್ಲಿ ನನ್ನದು ತಾರಸಿಯ ಮೇಲಿನ ಒಂಟಿ ಕೋಣೆ. ಆಫೀಸಿನಲ್ಲಿ ದಿನವಿಡೀ ಫೋನು ಹಿಡಿದು ಸಿಟ್ಟಾದ ಗಿರಾಕಿಗಳಿಗೆ ಸಮಾಧಾನ ಹೇಳುತ್ತೇನೆ. ಸಮಾಧಾನವನ್ನೆಲ್ಲ ಅಲ್ಲಿ ಹಂಚಿ, ಸಿಟ್ಟನ್ನು ಮಾತ್ರ ಮನೆಗೆ ತರುವ ಕೆಲಸ. ಒಂದು ಭಾನುವಾರ ಆ ಸಿಟ್ಟಿನಲ್ಲೇ ಗಂಟು ಬಿಚ್ಚಿದೆ. ತುಕ್ಕು ಹಿಡಿದ ಕಬ್ಬಿಣಗಳ ನಡುವೆ ಒಂದು ಉಳಿಗೆ ಹಿಡಿ ಹಾಗೇ ಇತ್ತು. ನೋಡಿದ ಕೂಡಲೇ ಗೊತ್ತಾಯಿತು, ಅವ್ವ ಅಡಿಗೆಮನೆಯಲ್ಲಿ ಬೆಲ್ಲ ಒಡೆಯುತ್ತಿದ್ದ ಉಳಿ. ಅದೂ ಉಳಿಯೇ ಎಂಬುದು ಆ ದಿನ ಅಣ್ಣನಿಗೆ ಹೊಳೆದಿರಲಿಲ್ಲ. ಗಂಟು ಕಟ್ಟುವ ಗಡಿಬಿಡಿಯಲ್ಲಿ ಅವ್ವನೂ ಗಮನಿಸಿರಲಿಕ್ಕಿಲ್ಲ ಎಂದುಕೊಂಡೆ. ಅಪ್ಪನ ಕೈ ಮುಟ್ಟಿದ ಒಂದೇ ಒಂದು ಹಿಡಿ ಹೀಗೆ ಬೆಂಕಿಯಿಂದ ಉಳಿದು, ನನ್ನ ಕೋಣೆಗೆ ಬಂದಿತ್ತು.

ಕೈಗೆ ತೆಗೆದುಕೊಂಡೆ. ಹೆಬ್ಬೆರಳು ಕೂರುವ ಜಾಗ ಸವೆದು ತಗ್ಗಾಗಿತ್ತು. ನನ್ನ ಹೆಬ್ಬೆರಳು ಆ ತಗ್ಗಿನಲ್ಲಿ ಅಳತೆ ತೆಗೆದು ಮಾಡಿದಂತೆ ಕೂತಿತು. ನಾನು ಅಪ್ಪನ ಮಗಳೇ, ಸಂಶಯವಿಲ್ಲ ಎಂದುಕೊಂಡು ಒಬ್ಬಳೇ ನಕ್ಕೆ, ಆಮೇಲೆ ಅತ್ತೆ. ಹಿಡಿ ಮಾತ್ರ ಅಪ್ಪನ ಕೆಲಸಕ್ಕೆ ಒಪ್ಪುವಂತಿರಲಿಲ್ಲ. ಒರಟಾಗಿತ್ತು, ಒಂದು ಕಡೆಗೆ ವಾಲಿತ್ತು. ಕೆಲಸ ಕಲಿಯುವಾಗ ಮಾಡಿದ್ದಿರಬೇಕು ಎಂದು ನಾನೇ ತೀರ್ಮಾನಿಸಿದೆ.

ಉಳಿದವಕ್ಕೆ ಹಿಡಿ ಬೇಕಿತ್ತು. ಜೆ.ಪಿ. ನಗರದ ಹಾರ್ಡ್‌ವೇರ್ ಅಂಗಡಿಯವನು ನನ್ನ ಕೈಯಲ್ಲಿದ್ದ ಬೋಳು ಕಬ್ಬಿಣವನ್ನು ತಿರುಗಿಸಿ ನೋಡಿದ. "ಬರೀ ಹಿಡಿ ಯಾರೂ ಮಾರಲ್ಲ ಮೇಡಂ. ಹೊಸ ಸೆಟ್ ತಗೊಳಿ, ಪ್ಲಾಸ್ಟಿಕ್ ಹಿಡಿ, ಸಖತ್ತಾಗಿದೆ." ನನಗೆ ಮೂಗಿನ ತುದಿಗೆ ಕೋಪ ಬಂತು. ಸಾಣೆಕಲ್ಲು, ಒಂದು ಸಣ್ಣ ಗರಗಸ, ಮರ ತೀಡುವ ಅರ, ಎಮರಿ ಪೇಪರ್ ಕೊಂಡು, ಅವನ ಸೆಟ್ಟಿನ ಕಡೆ ತಿರುಗಿಯೂ ನೋಡದೆ ಬಂದೆ.

ಮರ ಸಿಕ್ಕಿದ್ದು ನಮ್ಮ ಕಟ್ಟಡದಲ್ಲೇ. ಓನರ್ ಆಂಟಿಯದು ಇಲ್ಲಿಯದೇ ಹಳೇ ಊರಿನ ರೈತರ ಮನೆ. ತಾರಸಿಯ ನೀರಿನ ಟ್ಯಾಂಕಿನ ಕೆಳಗೆ ಅವರ ಎತ್ತಿನ ಗಾಡಿಯ ಮುರಿದ ಚಕ್ರ ಬಿದ್ದಿತ್ತು. ನಡುವಿನಿಂದ ಅಂಚಿಗೆ ಹೋಗುವ ಅದರ ಅರೆಕಾಲುಗಳು ಜಾಲಿ ಮರದವು. ಅಂಜುತ್ತ ಕೇಳಿದೆ. ಆಂಟಿ ಸೊಂಟದ ಮೇಲೆ ಕೈಯಿಟ್ಟು ಚಕ್ರವನ್ನೂ ನನ್ನನ್ನೂ ನೋಡಿದರು.

"ನಮ್ಮ ಮಾವ ಮಾಡ್ಸಿದ್ದ ಗಾಡಿ ಕಣಮ್ಮ. ಈ ಬಿಲ್ಡಿಂಗ್ ಇದೆಯಲ್ಲ, ಇಲ್ಲೇ ರಾಗಿ ಹೊಲ. ತಗೋ ಹೋಗು, ಸುಮ್ನೆ ಗೆದ್ದಲು ತಿನ್ನೋ ಬದ್ಲು. ಆದ್ರೆ ಮಧ್ಯಾಹ್ನ ಕುಟ್ಬೇಡ, ನಮ್ಮನೆಯವ್ರು ಮಲಗಿರ್ತಾರೆ."

ಆಮೇಲಿನ ಭಾನುವಾರಗಳು ಈಗ ಒಂದರೊಳಗೊಂದು ಸೇರಿಹೋಗಿವೆ. ವಿನಿಗರ್‌ನಲ್ಲಿ ನೆನೆದ ಉಳಿಗಳಿಂದ ತುಕ್ಕು ಕೆಸರಿನಂತೆ ಬಿಡುತ್ತಿತ್ತು. ಕಲ್ಲಿನ ಮೇಲೆ ನೀರು ಹಾಕಿ ಉಳಿಯ ಬೆನ್ನನ್ನು ಉಜ್ಜುವುದು, ತೊಳೆಯುವುದು, ಮತ್ತೆ ಉಜ್ಜುವುದು. ಮೇಲೆ ಹದ್ದುಗಳು ಸುತ್ತುತ್ತಿದ್ದವು, ಪಕ್ಕದ ಪಿ.ಜಿ.ಯ ತಾರಸಿಯಲ್ಲಿ ಒಣಹಾಕಿದ ಬಟ್ಟೆಗಳು ಗಾಳಿಗೆ ತುಂಬಿಕೊಂಡು ಇಳಿಯುತ್ತಿದ್ದವು. ಸಿಲ್ಕ್ ಬೋರ್ಡಿನ ಕಡೆಯ ವಾಹನಗಳ ಗದ್ದಲ ಎಲ್ಲೋ ದೂರದ ಸಂತೆಯಂತೆ ಕೇಳುತ್ತಿತ್ತು. ಉಜ್ಜುತ್ತ ಉಜ್ಜುತ್ತ ಕಣ್ಣು ಮಂಪರಾಗಿ, ನಾನು ಅಪ್ಪನ ಕೆಲಸದ ಮನೆಯಲ್ಲಿ ಮರದ ಹೊಟ್ಟಿನ ಗುಡ್ಡೆಯ ಮೇಲೆ ಮಲಗಿದ್ದೇನೆ ಅನ್ನಿಸುತ್ತಿತ್ತು. ಕಣ್ಣು ಬಿಟ್ಟರೆ ಉಳಿಯ ಬೆನ್ನು ಬೆಳ್ಳಗಾಗಿ, ಅದರಲ್ಲಿ ಬಾನು ಕಾಣುತ್ತಿತ್ತು. ಭಾನುವಾರ ಅಮಾವಾಸ್ಯೆ ಬಿದ್ದರೆ ಮಾತ್ರ ಕುಂಕುಮ ಹಚ್ಚಿ ಸುಮ್ಮನೆ ಕೂರುತ್ತಿದ್ದೆ. ಆ ದಿನ ಉಳಿಗೂ ರಜೆ.

ಅರೆಕಾಲುಗಳನ್ನು ಕೊಯ್ದು, ಅರದಿಂದ ತೀಡಿ, ನನ್ನ ಮುಷ್ಟಿಗೆ ಸರಿಯಾಗಿ ದುಂಡು ಮಾಡಿದೆ. ಉಳಿಯ ಬಾಲವನ್ನು ಕೆಂಪಗೆ ಕಾಯಿಸಿ ಹಿಡಿಯ ತೂತಿಗೆ ಇಳಿಸಬೇಕು, ಮರ ಸುಟ್ಟು ತಾನೇ ಜಾಗ ಕೊಡುತ್ತದೆ, ಅಪ್ಪ ಹಾಗೇ ಮಾಡುತ್ತಿದ್ದರು. ನಾನು ಗ್ಯಾಸ್ ಒಲೆಯ ಮೇಲೆ ಕಾಯಿಸಿದೆ. ಹೊಗೆ ಮೆಟ್ಟಿಲಿಳಿದು ಆಂಟಿಯ ಮನೆಗೆ ಹೋಯಿತು, ಆಂಟಿ ಮೆಟ್ಟಿಲು ಹತ್ತಿ ಬಂದರು. "ಅಯ್ಯೋ ಶಿವನೇ! ಅನ್ನ ಬೇಯ್ಸೋ ಒಲೆ ಮೇಲೆ ಕಬ್ಬಿಣ ಬೇಯ್ಸ್ತಾ ಇದೀಯಾ?" ಎಂದು ಬೈದರು. ಆಮೇಲೆ ಮೂಗು ಅರಳಿಸಿ ನಿಂತುಬಿಟ್ಟರು. ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಏರಿಸುವಾಗ ಇದೇ ವಾಸನೆ ಬರುತ್ತಿತ್ತಂತೆ. ಇಬ್ಬರೂ ಆ ಹೊಗೆಯಲ್ಲಿ ಕೆಮ್ಮುತ್ತ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆವು.

ಎಲ್ಲ ಉಳಿಗಳಿಗೂ ಹಿಡಿಯಾಯಿತು, ಅಂಚು ಬಂತು. ಆ ಒಂದನ್ನು ಮಾತ್ರ ನಾನು ಮುಟ್ಟಲಿಲ್ಲ. ತುಕ್ಕು ತೆಗೆಯಲಿಲ್ಲ, ಮಸೆಯಲಿಲ್ಲ. ಇಳಕಲ್ ತುಂಡಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದೆ. ಎಲ್ಲಿಟ್ಟರೂ ಇರುವೆಗಳು ಹುಡುಕಿಕೊಂಡು ಬರುತ್ತಿದ್ದವು, ಅಷ್ಟು ವರ್ಷದ ಬೆಲ್ಲ ಮರದೊಳಗೇ ಇಳಿದಿತ್ತು. ಮನಸ್ಸು ಭಾರವಾದಾಗ ಅದನ್ನು ಮುಷ್ಟಿಯಲ್ಲಿ ಹಿಡಿದು ಮಲಗುತ್ತಿದ್ದೆ. ಇರುವೆ ಕಚ್ಚಿದರೂ ಬಿಡುತ್ತಿರಲಿಲ್ಲ.

ಒಮ್ಮೆ ಫೋನಿನಲ್ಲಿ ಅಣ್ಣನೆದುರು ಬಾಯಿ ತಪ್ಪಿ ಆ ಹಿಡಿಯ ಮಾತು ಬಂತು. ಅವನು ಗಾಬರಿಯಾದ. "ಸತ್ತವರ ಹಿಡಿ ಮನ್ಯಾಗ ಇಟ್ಕೊಂಡು ಕುಂತೀಯೇನು? ತಗದು ಅಲ್ಲೇ ಯಾವುದರ ಕೆರಿಯಾಗ ಬಿಡು. ಅವ್ವಗ ಗೊತ್ತಾದ್ರ ಊಟಾ ಬಿಡ್ತಾಳ."

ಅವ್ವ ಅಂಥವಳೇ. ಪದ್ಧತಿ ಎಂದರೆ ಪದ್ಧತಿ. ಆ ಅವ್ವ ಚಳಿ ಶುರುವಾಗುವ ಹೊತ್ತಿಗೆ ನನ್ನ ಜೊತೆ ಇರಲು ಬರುವವಳಿದ್ದಳು. ಅವಳು ಬರುವ ಮುಂಚಿನ ಬೆಳಿಗ್ಗೆ ಉಳಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಮಡಿವಾಳ ಕೆರೆಗೆ ಹೋದೆ. ಹಿಡಿಯನ್ನು ಕಲ್ಲಿಗೆ ಒಂದೇಟು ಹಾಕಿದರೆ ಮುಗಿಯಿತು. ನೀರಿನ ಮೇಲೆ ಮಂಜಿತ್ತು, ಹೆಜ್ಜಾರ್ಲೆ ಹಕ್ಕಿಗಳು ಮಂಜಿನೊಳಗಿಂದ ಒಂದೊಂದಾಗಿ ತೇಲಿಬಂದು ಮತ್ತೆ ಮಂಜಿಗೇ ಹೋಗುತ್ತಿದ್ದವು. ಬಿಸಿಲು ಏರುವವರೆಗೂ ನಿಂತೆ. ಕೈ ಬರಲಿಲ್ಲ. ಇದನ್ನು ಬಿಟ್ಟರೆ ಅಪ್ಪನ ಕೈ ಹಿಡಿಯಲು ನನಗೆ ಬೇರೆ ಏನೂ ಇರಲಿಲ್ಲ. ಉಳಿಯನ್ನು ಹಾಗೇ ಬ್ಯಾಗಿನಲ್ಲಿಟ್ಟುಕೊಂಡು ಮನೆಗೆ ಬಂದು, ಮತ್ತೆ ಸೀರೆಯ ತುಂಡಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ.

ಅವ್ವ ಬಂದ ಮರುದಿನವೇ ಹೋಳಿಗೆಗೆಂದು ಬೇಳೆ ಬೇಯಿಸಿದಳು. ನಾನು ತಾರಸಿಯಲ್ಲಿ ಬಟ್ಟೆ ಹರವಿ ಬರುವಷ್ಟರಲ್ಲಿ ಬೆಲ್ಲ ಒಡೆಯಲು ಏನಾದರೂ ಸಿಕ್ಕೀತೇ ಎಂದು ಕಪಾಟು ಹುಡುಕಿ, ಸೀರೆಯ ತುಂಡನ್ನು ಬಿಚ್ಚಿದ್ದಳು. ಉಳಿ ಅವಳ ಕೈಯಲ್ಲಿತ್ತು.

"ಇದನ್ಯಾಕ ಹಿಂಗ ಮುಚ್ಚಿಟ್ಟೀ?"

ನಾನು ಖಾಲಿ ಬಕೆಟ್ಟನ್ನು ಬಾಗಿಲಲ್ಲೇ ಇಟ್ಟೆ. "ಅವ್ವಾ, ಬೈಬ್ಯಾಡ. ಅಪ್ಪನ ಹಿಡಿ ಅದೊಂದಽ ಉಳದಿತ್ತು. ತಗಿಯಾಕ ಮನಸ ಬರಲಿಲ್ಲ."

"ಅಪ್ಪಂದಾ?" ಅವ್ವ ನನ್ನ ಮುಖ ನೋಡಿ, ಹಿಡಿ ನೋಡಿ, ನಕ್ಕಳು. "ಏ ಹುಚ್ಚಿ. ನಿಮ್ಮಪ್ಪನ ಕೈ ಮೊರದಷ್ಟಿತ್ತು. ಅವರ ಹೆಬ್ಬಟ್ಟು ಇದರಾಗ ಕುಂದರತಿತ್ತೇನು? ಇದು ನಂದು."

ಅವಳ ಹೆಬ್ಬೆರಳು ಆ ತಗ್ಗಿನೊಳಗೆ ಹೋಗಿ ಕೂತಿತ್ತು, ತನ್ನ ಮನೆಗೆ ತಾನು ಹೋದಂತೆ.

"ನೀವು ಹುಟ್ಟೂಕಿಂತ ಮೊದಲ ನಿಮ್ಮಪ್ಪ ಬಿದ್ದು ಬಲಗೈ ಮುರಕೊಂಡಿದ್ರು. ಒಪ್ಪಿಕೊಂಡ ತೊಟ್ಟಿಲಾ ಅರ್ಧಕ್ಕ ನಿಂತಿತ್ತು. ಅವರು ಗೆರಿ ಹಾಕೂದು, ನಾ ತೂತು ಕಡಿಯೂದು. ದೊಡ್ಡ ಹಿಡಿ ನನ್ನ ಕೈಯಾಗ ನಿಲ್ಲತಿರಲಿಲ್ಲ. ಅದಕ್ಕ ಎಡಗೈಲೆ ಕೆತ್ತಿ ಇದನ್ನ ಮಾಡಿಕೊಟ್ರು."

"ನಮಗ್ಯಾಕ ಹೇಳಲಿಲ್ಲ?"

"ಅವರ ಕೈ ನೆಟ್ಟಗಾತು, ನನ್ನ ಉಳಿ ಅಡಗಿಮನಿಗೆ ಬಂತು. ಹೇಳೂವಂಥಾದ್ದು ಏನೈತಿ ಅದರಾಗ? ನಿನ್ನ ಕೈಯೂ ನನ್ನಷ್ಟಽ ಐತಿ, ನಿನಗ ಹೊಂದತೈತಿ ಅಂತ ನಾನಽ ಗಂಟಿನ್ಯಾಗ ಇಟ್ಟೆ."

ನನಗೆ ಮೊದಲು ಬಂದದ್ದು ದುಃಖ. ಅಪ್ಪ ಎರಡನೇ ಸಲ ಹೋದ ಹಾಗಾಯಿತು. ಗೋಡೆಗೆ ಒರಗಿ ಕೂತುಬಿಟ್ಟೆ. ಕುಕ್ಕರಿನ ಆವಿ ಕಿಟಕಿಯ ಬಿಸಿಲಿನಲ್ಲಿ ಏಳುತ್ತಿತ್ತು, ಅದರಾಚೆ ಅವ್ವ ಮಸುಕಾಗಿ ಕಾಣುತ್ತಿದ್ದಳು. ಇಷ್ಟು ದಿನ ಮುಷ್ಟಿಯಲ್ಲಿ ಹಿಡಿದು ಮಲಗಿದ್ದು ಇವಳ ಕೈಯನ್ನು. ಸತ್ತವರನ್ನು ಹುಡುಕುವ ಗಡಿಬಿಡಿಯಲ್ಲಿ ಬದುಕಿದ್ದವಳಿಗೆ ವಾರಕ್ಕೊಮ್ಮೆ ಫೋನು ಮಾಡಿ, ಉಂಡೆಯಾ ಎಂದು ಕೇಳಿ ಇಟ್ಟುಬಿಡುತ್ತಿದ್ದೆ.

ಅವ್ವ ಉಳಿಯ ಅಂಚಿಗೆ ಬೆರಳು ತಾಗಿಸಿ ಮುಖ ಸಿಂಡರಿಸಿದಳು. "ಮೊಂಡ ಆಗೇತಲ್ಲ. ಉಳದದ್ದೆಲ್ಲ ಮಸದೀ, ಇದನ್ಯಾಕ ಬಿಟ್ಟೀ?"

"ಇದ್ದಂಗ ಇರಲಿ ಅಂತ."

"ಇದ್ದಂಗ ಇಡಾಕ ನಾ ಏನು ಸತ್ತೀನೇನು?"

ಅವಳು ಬೆಲ್ಲದ ತಟ್ಟೆಯನ್ನು ಅತ್ತ ಸರಿಸಿ ಉಳಿಯನ್ನು ನನ್ನ ಕೈಗಿತ್ತಳು. ಹಿಡಿ ಅವಳ ಕೈಯಿಂದ ಬೆಚ್ಚಗಾಗಿತ್ತು. ನಾನು ಸಾಣೆಕಲ್ಲಿಗೆ ನೀರು ಹಾಕಿದೆ.